ಕುಂಡದ ಹೂಗಿಡಗಳಿಗೆ ಗಿಡ್ಡತನ ಕೊಡುವ ಮಣ್ಣಿನ ಬ್ಯಾಕ್ಟೀರಿಯಾ

ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ಕುಂಡದ ಹೂಗಿಡ ಕೊಳ್ಳುವವರು ಮೊದಲು ನೋಡುವುದು ಗಿಡ ಅಡಕವಾಗಿ, ತುಂಬಿಕೊಂಡು ಬೆಳೆದಿದೆಯೇ ಎಂಬುದನ್ನು. ಮಳೆಗಾಲದ ಮೋಡದ ದಿನಗಳಲ್ಲಿ ನೆರಳುಪರದೆಯ ಕೆಳಗಿರುವ ಗಿಡಗಳು ಬೆಳಕು ಸಾಲದೆ ಗೆಣ್ಣಿಂದ ಗೆಣ್ಣಿಗೆ ಅಂತರ ಹೆಚ್ಚಿಸಿಕೊಂಡು ಸಣಕಲಾಗಿ ನೀಳವಾಗುತ್ತವೆ. ಅದನ್ನು ತಡೆಯಲು ಪ್ಯಾಕ್ಲೊಬ್ಯುಟ್ರಜೋಲ್‌ನಂಥ ಬೆಳವಣಿಗೆ ನಿಯಂತ್ರಕಗಳ ಬಳಕೆ ರೂಢಿಯಲ್ಲಿದೆ. ಇದು ಗಿಡದಲ್ಲಿ ಕಾಂಡವನ್ನು ನೀಳವಾಗಿಸುವ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗದಂತೆ ತಡೆಯುತ್ತದೆ. ಆದರೆ ಮಣ್ಣಿನಲ್ಲಿ ಬಹುಕಾಲ ಉಳಿದುಬಿಡುತ್ತದೆ. ಗಿಡ್ಡತನವು ತಳಿಯ ಗುಣವೇ ಆಗಿಬಿಟ್ಟರೆ ಪ್ರತಿ ಸಲವೂ ಸಿಂಪಡಿಸಬೇಕಾಗಿಲ್ಲ ಎಂಬ ಕಾರಣಕ್ಕೇ ತಳಿ ಅಭಿವೃದ್ಧಿಯಲ್ಲಿ ತೊಡಗಿರುವ ನಾನು ರೈಜೋಬಿಯಂ ರೈಜೋಜೆನಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಪರವಾಗಿ ಮಾತನಾಡುತ್ತೇನೆ.

ದ್ವಿದಳ ಬೆಳೆಗಳ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ರೈಜೋಬಿಯಂಗೆ ಇದು ಹತ್ತಿರದ ಬಂಧು, ಕೆಲಸ ಮಾತ್ರ ಬೇರೆ. ಗಿಡಕ್ಕೆ ಗಾಯವಾದಾಗ ಒಸರುವ ಫೀನಾಲ್ ಸಂಯುಕ್ತಗಳ ಸುಳಿವು ಹಿಡಿದು ಬರುವ ಈ ಬ್ಯಾಕ್ಟೀರಿಯಾ, ತನ್ನ ವರ್ಣತಂತುವಿನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್‌ನ ಟಿ-ಡಿಎನ್‌ಎ ಎಂಬ ಭಾಗವನ್ನು ಗಿಡದ ಜೀವಕೋಶದೊಳಗೆ ಕಳಿಸಿ ಅದರ ವರ್ಣತಂತುವಿನಲ್ಲಿ ಸೇರಿಸುತ್ತದೆ. ಆ ಭಾಗದಲ್ಲಿರುವ ರೋಲ್ ಜೀನುಗಳಿಂದ ಗಾಯದ ಜಾಗದಲ್ಲಿ ಕೂದಲಿನಂಥ ಬೇರುಗಳು ಒತ್ತೊತ್ತಾಗಿ ಮೂಡುತ್ತವೆ. ಇಂಥ ವರ್ಗಾವಣೆಯನ್ನು ಮನುಷ್ಯ ಆರಂಭಿಸಿದ್ದಲ್ಲ. ನಾವು ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸುವ ಗೆಣಸಿನಲ್ಲೂ ಈ ಗುಂಪಿನ ಬ್ಯಾಕ್ಟೀರಿಯಾದ ಟಿ-ಡಿಎನ್‌ಎ ಇದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿದ 291 ಕೃಷಿ ಮಾದರಿಗಳಲ್ಲೂ ಅಂಥ ಒಂದು ತುಣುಕು ಕಂಡುಬಂದಿತು.

ಪ್ರಯೋಗಾಲಯದಲ್ಲಿ ನಾವು ಮಾಡುವುದು ಇದನ್ನೇ, ಆದರೆ ಶುಚಿಯಾದ ವಾತಾವರಣದಲ್ಲಿ. ಎಲೆಯ ಚೂರಿನ ಅಂಚನ್ನು ಬ್ಲೇಡಿನಿಂದ ಗೀರಿ, ಪ್ರಯೋಗಾಲಯದಲ್ಲಿ ಯಾವ ಮಾರ್ಪಾಡನ್ನೂ ಮಾಡದ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿ, ಕೆಲವು ದಿನ ಕತ್ತಲಲ್ಲಿಡುತ್ತೇವೆ. ಸೆಖೆ ಹೆಚ್ಚಾದರೆ ಡಿಎನ್‌ಎ ವರ್ಗಾವಣೆಯೇ ಕುಂಠಿತವಾಗುವುದರಿಂದ ಕೋಣೆಯ ಉಷ್ಣತೆ 25 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಬಳಿಕ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸೆಫೊಟ್ಯಾಕ್ಸಿಮ್‌ನಂಥ ಆ್ಯಂಟಿಬಯಾಟಿಕ್ ಬೆರೆಸಿದ ಪೋಷಕ ಮಾಧ್ಯಮಕ್ಕೆ ಚೂರುಗಳನ್ನು ಬದಲಿಸುತ್ತೇವೆ. ಕೆಲವು ವಾರಗಳಲ್ಲಿ ಗೀರಿದ ಅಂಚಿನಿಂದ ಬಿಳಿಯ ಬೇರುಗಳು ಹೊರಡುತ್ತವೆ. ಸಾಮಾನ್ಯ ಬೇರಿನಂತೆ ಕೆಳಗಿಳಿಯದೆ ಅವು ಮಾಧ್ಯಮದ ಮೇಲ್ಮೈಯಲ್ಲಿ ಅಡ್ಡಡ್ಡ ಹರಡಿ, ಹಾರ್ಮೋನು ಹಾಕದಿದ್ದರೂ ಕವಲೊಡೆಯುತ್ತಲೇ ಇರುತ್ತವೆ. ಆರಿಸಿಕೊಳ್ಳಲು ನಮಗೆ ಈ ಲಕ್ಷಣವೇ ಸಾಕು. ಆ್ಯಂಟಿಬಯಾಟಿಕ್ ನಿರೋಧಕ ಗುರುತು ಜೀನನ್ನು (ಡಿಎನ್‌ಎ ಸೇರಿದ ಕೋಶಗಳನ್ನು ಆರಿಸಲು ಸಾಮಾನ್ಯವಾಗಿ ಬಳಸುವುದು) ಗಿಡದೊಳಗೆ ಸೇರಿಸಬೇಕಾಗಿಲ್ಲ. ಆದರೂ ಪಿಸಿಆರ್ ಪರೀಕ್ಷೆ ಬಿಡುವಂತಿಲ್ಲ: ರೋಲ್ ಜೀನು ಇರಬೇಕು, ಟಿ-ಡಿಎನ್‌ಎಯ ಹೊರಗಿರುವ ವಿರ್ ಜೀನು ಇರಬಾರದು. ವಿರ್ ಕಂಡರೆ ಬ್ಯಾಕ್ಟೀರಿಯಾ ಇನ್ನೂ ಅಂಗಾಂಶದಲ್ಲಿ ಉಳಿದಿದೆ ಎಂದೇ ಅರ್ಥ.

ಬೇರಿನಿಂದ ಚಿಗುರು ಬರಿಸಿ ಗಿಡ ಮಾಡಿದ ಮೇಲೆಯೇ ತಳಿ ಅಭಿವೃದ್ಧಿಯ ನಿಜವಾದ ಕೆಲಸ ಶುರುವಾಗುತ್ತದೆ. ರೋಲ್ ಜೀನುಗಳ ಪ್ರಭಾವದಿಂದ ಗೆಣ್ಣುಗಳು ಹತ್ತಿರವಾಗಿ ಕವಲು ಹೆಚ್ಚುವುದು ನಮಗೆ ಬೇಕಾದದ್ದು. ಅದರ ಜೊತೆಗೇ ಎಲೆ ಸುಕ್ಕಾಗುವುದು, ಹೂ ತಡವಾಗುವುದು, ಪರಾಗದ ಫಲವಂತಿಕೆ ಇಳಿಯುವುದು ಬೇಡದ್ದು. ಒಂದೊಂದು ಬೇರಿನಿಂದ ಬಂದ ಗಿಡವೂ ಇವುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ತೋರಿಸುವುದರಿಂದ, ಆದಷ್ಟು ಹೆಚ್ಚು ಬೇರುಗಳಿಂದ ಗಿಡ ಪಡೆದು, ಬೇಡದ ಗುಣಗಳು ಸೌಮ್ಯವಾಗಿರುವವನ್ನು ಉತ್ತಮ ತಳಿಗಳೊಂದಿಗೆ ಸಂಕರ ಮಾಡಿ, ಮುಂದಿನ ಪೀಳಿಗೆಗಳಲ್ಲಿ ಆರಿಸುತ್ತಾ ಹೋಗಬೇಕು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ದಪ್ಪ ಎಲೆಯ ಕುಂಡದ ಹೂಗಿಡವಾದ ಕಲಾಂಚೊದಲ್ಲಿ ಈ ಹಾದಿಯಲ್ಲೇ ಗಿಡ್ಡ ಗಿಡಗಳನ್ನು ಪಡೆದು, ಸಂಕರದ ಸಂತತಿಯಲ್ಲೂ ಆ ಗುಣವನ್ನು ಕಂಡಿದ್ದಾರೆ. ಕಲಾಂಚೊ ಕಡ್ಡಿಯಿಂದಲೇ ವೃದ್ಧಿಯಾಗುವುದರಿಂದ ಒಮ್ಮೆ ಸಿಕ್ಕ ಒಳ್ಳೆಯ ಗಿಡವನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ನಿಸರ್ಗದ ವಿಧಾನವೆಂದ ಮಾತ್ರಕ್ಕೆ ಕಾನೂನಿನ ಪ್ರಶ್ನೆ ತಾನಾಗಿ ಬಗೆಹರಿಯುವುದಿಲ್ಲ. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳ ಕೆಲವು ಅಂಶಗಳಿಂದ ಕೊಟ್ಟ ವಿನಾಯಿತಿ ಹೊರಗಿನ ಡಿಎನ್‌ಎ ಉಳಿಯದ ಜೀನ್ ಸಂಪಾದಿತ (ಸ್ವಂತ ಜೀನನ್ನೇ ತಿದ್ದಿದ) ಗಿಡಗಳಿಗೆ ಸಂಬಂಧಿಸಿದ್ದು; ಇಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಗಿಡದಲ್ಲೇ ಉಳಿಯುತ್ತದೆ. ಆದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಮೊದಲೇ ಹೋಗುವುದು ಸರಿಯೆಂದು ಈ ದಾರಿ ಹಿಡಿಯುವ ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತೇನೆ. ಬೆಳೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಕೆ.ಆರ್. ಮಾರುಕಟ್ಟೆಗೆ ಬಿಡಿಹೂವಾಗಿ ಹೋಗುವ ಸೇವಂತಿಗೆಯಲ್ಲಿ ಹೂವಿನ ತೂಕವೇ ರೈತನ ಆದಾಯವಾದ್ದರಿಂದ ಹೂ ತಡವಾಗಿಸಬಹುದಾದ ಈ ಜೀನುಗಳನ್ನು ಅಲ್ಲಿಗೆ ತರಬಾರದು. ಕುಂಡದಲ್ಲೇ ಮಾರುವ ಸೇವಂತಿಗೆಯಲ್ಲಿ ಮಾತ್ರ ಇದನ್ನು ಪ್ರಯತ್ನಿಸಬಹುದು.