ಆರೋಗ್ಯ ವಿಮೆ: ಹಣ ಸರ್ಕಾರದ್ದು, ನಿರ್ಧಾರ ಯಾರದ್ದು?

ಬಿಪಿಎಲ್ ಕಾರ್ಡ್ ಹಿಡಿದು ಖಾಸಗಿ ಆಸ್ಪತ್ರೆಗೆ ಬಂದ ರೋಗಿಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರು, ಬಿಲ್ ಪರಿಶೀಲಿಸುವವರು ಯಾರು, ಹಣ ಉಳಿದರೆ ಅದು ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಗಳಿಗೆ ಕಳೆದ ಎರಡು ದಶಕಗಳಲ್ಲಿ ಒಂದೊಂದು ಯೋಜನೆಯೂ ಒಂದೊಂದು ಉತ್ತರ ಕೊಟ್ಟಿದೆ.

ಅದಕ್ಕೂ ಹಿಂದೆ, 1948ರ ನೌಕರರ ರಾಜ್ಯ ವಿಮಾ, ಅಂದರೆ ಇಎಸ್‌ಐ ಕಾಯ್ದೆ ಕಾರ್ಮಿಕರಿಗೆ ಸರ್ಕಾರಿ ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು, 1970ರ ದಶಕದ ಆರಂಭದಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡಿತು, ವಿಮಾ ನಿಯಂತ್ರಣ ಪ್ರಾಧಿಕಾರವನ್ನು ರಚಿಸಿದ 1999ರ ಐಆರ್‌ಡಿಎ ಕಾಯ್ದೆಯಿಂದ ಖಾಸಗಿ ಕಂಪನಿಗಳು ಮರಳಿ ಬಂದವು.

ಕರ್ನಾಟಕದಲ್ಲಿ ಈ ಪ್ರಶ್ನೆ ಸ್ಪಷ್ಟ ರೂಪ ಪಡೆದದ್ದು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯಿಂದ. ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಲ್ಲಿ ಮೂಡಿದ ಈ ಯೋಜನೆಯಲ್ಲಿ ಸಹಕಾರ ಸಂಘಗಳ ರೈತ ಸದಸ್ಯರು ಮೊದಲ ವರ್ಷ ತಲಾ 60 ರೂಪಾಯಿ ಕಟ್ಟಿದರು, ಸರ್ಕಾರ ಸಹಾಯಧನ ನೀಡಿತು. ವಿಮಾ ಕಂಪನಿಯನ್ನು ಹೊರಗಿಟ್ಟು ಟ್ರಸ್ಟ್ ಒಂದು ಹಣದ ಹೊಣೆ ಹೊತ್ತಿತಾದರೂ ಪೂರ್ವಾನುಮತಿ ಮತ್ತು ಕ್ಲೇಮುಗಳ ಕೆಲಸವನ್ನು ಖಾಸಗಿ ಟಿಪಿಎ (ಕ್ಲೇಮುಗಳನ್ನು ನಿರ್ವಹಿಸುವ ಮೂರನೇ ಪಕ್ಷ) ಸಂಸ್ಥೆಗೆ ವಹಿಸಲಾಯಿತು. ಶಸ್ತ್ರಚಿಕಿತ್ಸೆಗಳೂ ಬಹುಪಾಲು ಖಾಸಗಿ ಆಸ್ಪತ್ರೆಗಳಲ್ಲೇ ನಡೆದವು. ನಷ್ಟದ ಹೊಣೆ ಸಾರ್ವಜನಿಕ, ದಿನನಿತ್ಯದ ತೀರ್ಮಾನ ಖಾಸಗಿ ಎಂಬ ಈ ಹಂಚಿಕೆ ಮುಂದಿನ ಕೆಲವು ಯೋಜನೆಗಳಿಗೂ ಅಡಿಪಾಯವಾಯಿತು.

2008ರಲ್ಲಿ ಕೇಂದ್ರ ತಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆ ಬೇರೆ ದಾರಿ ಹಿಡಿಯಿತು. ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಚಿಕಿತ್ಸೆಗೆ ಟೆಂಡರ್ ಗೆದ್ದ ಸರ್ಕಾರಿ ಅಥವಾ ಖಾಸಗಿ ವಿಮಾ ಕಂಪನಿ ಹೊಣೆಯಾಗಿತ್ತು. ನೋಂದಾಯಿತ ಪ್ರತಿ ಕುಟುಂಬಕ್ಕೂ ಪ್ರೀಮಿಯಂ ಸಂದಾಯವಾಗುತ್ತಿದ್ದುದರಿಂದ, ಕಾರ್ಡ್ ಕೈಗೆ ಬಂದರೂ ಅದನ್ನು ಬಳಸುವುದು ತಿಳಿಯದ ಬಡವರ ಅಜ್ಞಾನವೇ ಕಂಪನಿಗೆ ಉಳಿತಾಯವಾಗುವ ಅಪಾಯ ಆ ಲೆಕ್ಕಾಚಾರದಲ್ಲೇ ಅಡಗಿತ್ತು.

2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ರಾಜ್ಯದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮತ್ತೆ ಟ್ರಸ್ಟ್ ಮಾದರಿಗೆ ಮರಳಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ಯಾಕೇಜ್ ದರ (ಒಂದೊಂದು ಚಿಕಿತ್ಸೆಗೆ ಒಟ್ಟು ಮೊತ್ತ) ನಿಗದಿಪಡಿಸಿ ಆಸ್ಪತ್ರೆಗಳಿಗೆ ನೇರವಾಗಿ ಹಣ ಪಾವತಿಸಿತು, ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿತು. ಚಿಕಿತ್ಸೆ ತಪ್ಪಿದರೆ ಲಾಭವಾಗುವ ಮಧ್ಯವರ್ತಿ ಅಲ್ಲಿರಲಿಲ್ಲ ಎಂಬುದನ್ನು ಸಣ್ಣ ವಿಷಯವೆಂದು ಬದಿಗಿಡಲಾಗದು.

2018ರ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸಿ, ವಿಮೆ, ಟ್ರಸ್ಟ್ ಅಥವಾ ಮಿಶ್ರ ಮಾದರಿಯ ಆಯ್ಕೆಯನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕ ಟ್ರಸ್ಟ್ ಮಾದರಿಯನ್ನೇ ಉಳಿಸಿಕೊಂಡು, ತುರ್ತು ಸಂದರ್ಭಗಳ ಹೊರತು ಖಾಸಗಿ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂದು ನಿಯಮ ಮಾಡಿತು. ಆದರೆ ತಜ್ಞರೂ ಉಪಕರಣಗಳೂ ಇಲ್ಲದ ಸರ್ಕಾರಿ ಆಸ್ಪತ್ರೆ ಆ ಪತ್ರ ಬರೆಯದೆ ಬೇರೇನನ್ನೂ ಮಾಡಲಾರದು, ಮತ್ತು ಬರೆದ ಪ್ರತಿ ಪತ್ರದೊಂದಿಗೆ ಪ್ಯಾಕೇಜಿನ ಹಣವೂ ಖಾಸಗಿ ಆಸ್ಪತ್ರೆಗೆ ಹೋಗುತ್ತದೆ.