ಎರಡೂವರೆ ಡಬ್ಬಾ ಓಡುವ ಟೌ

ಮಾಟುಂಗಾ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್‌ಗೆ ಕಾಯುವಾಗ ನನಗೊಬ್ಬರು ಹಿರಿಯರು ಜೊತೆಯಾಗುತ್ತಾರೆ. ಊರು ಕೆಜಿಎಫ್. ಮುಂಬೈಗೆ ಬಂದು ನಲವತ್ತು ವರ್ಷವಾದರೂ ಮಾತು ತಿರುಗಿ ತಿರುಗಿ ಗಣಿಗೇ ಹೋಗುತ್ತದೆ. ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗೆ ನ್ಯೂಟ್ರಿನೊ, ಅಂದರೆ ಯಾವುದಕ್ಕೂ ಸಿಗದೆ ಎಲ್ಲವನ್ನೂ ತೂರಿಹೋಗುವ ಪುಟ್ಟ ಕಣ, ಹಿಡಿಯುತ್ತಾರೆ ಅಂತ ಮೊನ್ನೆ ಹೇಳಿದೆ. "ಅದರಲ್ಲೇನಿದೆ ಮೇಷ್ಟ್ರೇ, ನಮ್ಮೂರಲ್ಲೇ ಹಿಡಿದಿದ್ರಲ್ಲ" ಅಂದರು.

ನಿಜ. 1965ರಲ್ಲಿ ಕೆಜಿಎಫ್ ಗಣಿಯ 2.3 ಕಿ.ಮೀ. ಆಳದಲ್ಲಿ ಅದರ ಗುರುತು ಸಿಕ್ಕಿತ್ತು. ಕಂಡವರು ಇಲ್ಲೇ ಕೊಲಾಬಾದ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು, ಜೊತೆಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನವರು. ಆದರೆ ಆ ನ್ಯೂಟ್ರಿನೊಗಳು ನಮ್ಮ ಗಾಳಿಯಲ್ಲೇ ಹುಟ್ಟಿದವು. ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ನುಗ್ಗಿ ಬರುವ ಕಣಗಳು, ಗಾಳಿಗೆ ಬಡಿದಾಗ ಇವು ಹುಟ್ಟುತ್ತಲೇ ಇರುತ್ತವೆ. ಧ್ರುವದಲ್ಲಿ ಕೂತವರಿಗೆ ಇವೇ ತಲೆನೋವು. ಬೇಕಾದ್ದು ದೂರದ ಗ್ಯಾಲಕ್ಸಿಗಳಿಂದ ಬಂದದ್ದು, ಮುತ್ತಿಕೊಳ್ಳುವುದು ಪಕ್ಕದ ಮನೆಯದು.

ಬೇರ್ಪಡಿಸುವುದು ಹೇಗೆ? ನ್ಯೂಟ್ರಿನೊದಲ್ಲಿ ಮೂರು ಬಗೆ: ಎಲೆಕ್ಟ್ರಾನ್, ಮ್ಯೂವಾನ್, ಟೌ. ಗಾಳಿಯಲ್ಲಿ ಹುಟ್ಟುವುದು ಮೊದಲೆರಡೇ, ಟೌ ಇಲ್ಲವೆನ್ನುವಷ್ಟು ಕಮ್ಮಿ. ದೂರದ ಮೂಲಗಳಲ್ಲೂ ಅಷ್ಟೇ. ಆದರೆ ನ್ಯೂಟ್ರಿನೊ ದಾರಿಯಲ್ಲಿ ಬಗೆ ಬದಲಿಸುತ್ತದೆ. ಶಕ್ತಿ ಹೆಚ್ಚಿದಷ್ಟೂ ಬದಲಾಗಲು ಹೆಚ್ಚು ದೂರ ಬೇಕು. ಧ್ರುವದಲ್ಲಿ ಹುಡುಕುವ ನ್ಯೂಟ್ರಿನೊಗಳ ಭಾರೀ ಶಕ್ತಿಗೆ ಭೂಮಿಯ ಅಡ್ಡಳತೆ, ಅಂದರೆ ಸುಮಾರು 12,700 ಕಿ.ಮೀ., ಯಾತಕ್ಕೂ ಸಾಲದು. ಕೋಟಿಗಟ್ಟಲೆ ಜ್ಯೋತಿರ್ವರ್ಷ ನಡೆದು ಬಂದದ್ದರಲ್ಲಿ ಮಾತ್ರ ಮೂರೂ ಬಗೆ ಹೆಚ್ಚುಕಡಿಮೆ ಸಮನಾಗಿ ಬೆರೆತಿರುತ್ತವೆ. ಹಾಗಾಗಿ ಇಷ್ಟು ಶಕ್ತಿಯ ಟೌ ಸಿಕ್ಕಿತು ಅಂದರೆ ಅದು ಹೊರಗಿನದೇ.

"ಟೌ ಅಂತ ಗೊತ್ತಾಗೋದು ಹೇಗೆ?" ಅಂದರು. ಅಷ್ಟರಲ್ಲಿ ಗಾಡಿ ಬಂತು. ಒಳ್ಳೇದೇ ಆಯಿತು, ಉದಾಹರಣೆ ಎದುರಿಗೇ ನಿಂತಿತ್ತು.

ಟೌ ನ್ಯೂಟ್ರಿನೊ ಮಂಜುಗಡ್ಡೆಯ ಪರಮಾಣುವಿಗೆ ಬಡಿದಾಗ ಒಂದು ಬೆಳಕು. ಅಲ್ಲಿಂದ ಟೌ ಎಂಬ ಕಣ ಹೊರಡುತ್ತದೆ. ಅದರ ಆಯುಷ್ಯ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಲ್ಲಿ ಮೂರನೇ ಒಂದು ಪಾಲಿಗೂ ಕಮ್ಮಿ. ಬೆಳಕಿನ ವೇಗದಲ್ಲಿ ಓಡಿದರೂ ಒಂದು ಕೂದಲೆಳೆಯ ದಪ್ಪ ದಾಟುವಷ್ಟರಲ್ಲಿ ಸಾಯಬೇಕು. ಸಾಯುವುದಿಲ್ಲ! ಅಷ್ಟು ವೇಗದಲ್ಲಿ ಅದರ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗುತ್ತದೆ, ಐನ್‌ಸ್ಟೈನ್ ಹೇಳಿದ ಹಾಗೆ. 1 ಪಿಇವಿ (ಇದು ಕಣಗಳ ಶಕ್ತಿಯ ಅಳತೆ) ಶಕ್ತಿಯಿದ್ದರೆ ಸರಾಸರಿ 50 ಮೀಟರ್ ಓಡುತ್ತದೆ. ಲೋಕಲ್‌ನ ಎರಡೂವರೆ ಡಬ್ಬಾ. ಆಮೇಲೆ ಒಡೆಯುತ್ತದೆ, ಸಾಮಾನ್ಯವಾಗಿ ಇನ್ನೊಂದು ಬೆಳಕು ಚಿಮ್ಮಿಸಿ. ಹೀಗೆ ಎರಡು ಮಿಂಚು ಕಂಡರೆ ಅದು ಟೌ. (ಜಿನೀವಾ ಬಳಿ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ ಎಲ್‌ಎಚ್‌ಸಿಯಲ್ಲಿ ಒಂದು ಪ್ರೋಟಾನ್‌ಗೆ 6.8 ಟಿಇವಿ. 1 ಪಿಇವಿ ಅಂದರೆ 1000 ಟಿಇವಿ.)

ಹೇಳಿದಷ್ಟು ಸುಲಭವಲ್ಲ. ದಕ್ಷಿಣ ಧ್ರುವದ ಆ ಪ್ರಯೋಗ ಐಸ್‌ಕ್ಯೂಬ್‌ನಲ್ಲಿ ಈ ಹುಡುಕಾಟದ ಹೊತ್ತಿಗೆ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ 5160 ಬೆಳಕಿನ ಕಣ್ಣುಗಳಿದ್ದವು. ಅವನ್ನು ಪೋಣಿಸಿದ ಹೆಚ್ಚಿನ ಕೇಬಲ್‌ಗಳ ನಡುವೆಯೇ 125 ಮೀಟರ್ ಅಂತರ. 200 ಟಿಇವಿಯ ಟೌ ಓಡುವುದು ಸುಮಾರು 10 ಮೀಟರ್, ಅರ್ಧ ಡಬ್ಬಾ. ಎರಡು ಮಿಂಚು ಅಂಟಿಕೊಂಡು ಒಂದೇ ಆಗಿ ಕಾಣುತ್ತವೆ. ಬೆಳಕಿನ ಆ ಚಿತ್ರಗಳನ್ನು ಗುರುತಿಸಲು ಕಂಪ್ಯೂಟರ್‌ಗೆ ಕಲಿಸಿ, 9.7 ವರ್ಷದ ದಾಖಲೆ ಜಾಲಾಡಿದರು. 2024ರಲ್ಲಿ ಪ್ರಕಟವಾದ ಫಲ: ಏಳು. ಬೇರೇನೋ ಟೌ ವೇಷ ಹಾಕಿ ಬಂದಿರಬಹುದಾದ್ದು ಲೆಕ್ಕದಲ್ಲಿ ಅರ್ಧ ಮಾತ್ರ. ಹತ್ತು ವರ್ಷಕ್ಕೆ ಏಳು ಅಂದರೆ ಬಡತನ ಅಂತ ಅನ್ನಿಸಬಹುದು. ನನಗಂತೂ ಹಬ್ಬ.

ಇನ್ನೂ ಜಾಸ್ತಿ ಶಕ್ತಿಯ ಟೌಗೆ ಬೇರೆ ಉಪಾಯವಿದೆ. ನ್ಯೂಟ್ರಿನೊ ಬೆಟ್ಟದೊಳಗೆ ಬಡಿಯಲಿ, ಟೌ ಆಚೆ ಬದಿಯಿಂದ ಹೊರಬಂದು ಗಾಳಿಯಲ್ಲಿ ಒಡೆಯಲಿ, ಕಣಗಳ ಮಳೆ ಸುರಿಯಲಿ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಭೂಮಿಯ ಅಂಚನ್ನೂ ಆಂಡಿಸ್ ಬೆಟ್ಟಗಳನ್ನೂ ಸವರಿ ಬರುವ ಇಂಥವನ್ನು ಹುಡುಕುತ್ತಿದೆ. ಆ ಮಳೆ ಹೊರಡಿಸುವ ರೇಡಿಯೊ ಅಲೆ ಹಿಡಿಯಲು ಚೀನಾದ ಗೋಬಿ ಮರುಭೂಮಿಯಲ್ಲಿ ಆಂಟೆನಾ ನೆಟ್ಟು ನೋಡುತ್ತಿದ್ದಾರೆ.

"ಬೆಟ್ಟ ನಮ್ಮ ಸಹ್ಯಾದ್ರಿಯಲ್ಲಿ ಇಲ್ವಾ?" ಅಂದರು ಹಿರಿಯರು, ದಾದರ್ ಬರುವ ಹೊತ್ತಿಗೆ. ಇದೆ. ರೇಡಿಯೊಗೆ ಮಳೆಗಾಲದ ಮೋಡವೂ ಅಡ್ಡಿಯಲ್ಲ. ಆದರೆ ಆಂಟೆನಾಗೆ ಬೇರೆ ರೇಡಿಯೊ ಅಲೆಗಳ ಗದ್ದಲವಿಲ್ಲದ ಜಾಗ ಬೇಕು. ಡಬ್ಬಾದಲ್ಲಿ ಒಮ್ಮೆಲೇ ನಾಲ್ಕು ಮೊಬೈಲ್ ರಿಂಗಾದವು. ಅವರೇ ನಕ್ಕರು.