ಡಿಸ್ಕ್ ಕೈಯಲ್ಲಿದೆ, ಆಟ ಯಾರ ಕೈಯಲ್ಲಿದೆ?

ಬೇಸಿಗೆಯಲ್ಲಿ ಬಳ್ಳಾರಿಯ ನನ್ನ ರಿಪೇರಿ ಅಂಗಡಿಗೆ ಬರುವ ಗೇಮ್ ಕನ್ಸೋಲ್‌ಗಳ ಹೊಟ್ಟೆ ಬಿಚ್ಚಿದರೆ ಮೊದಲು ಕಾಣುವುದು ಕೆಂಪು ಧೂಳು. ಲೇಸರ್ ಲೆನ್ಸ್ ಒರೆಸಿದರೆ ಅರ್ಧ ಕಾಯಿಲೆ ವಾಸಿ. ಮೊನ್ನೆ ಸಂಡೂರಿನವರೊಬ್ಬರು ಮಗನ ಕನ್ಸೋಲ್ ತಂದಾಗಲೂ ಒರೆಸಿದೆ. ಡಿಸ್ಕ್ ತಿರುಗಿತು, ಆಟ ತೆರೆಯಿತು, ಸರ್ವರ್ (ಆಟದ ಕಂಪನಿ ನೆಟ್‌ನಲ್ಲಿ ನಡೆಸುವ ಕಂಪ್ಯೂಟರ್) ಸಿಗುತ್ತಿಲ್ಲ ಎಂದು ನಿಂತುಬಿಟ್ಟಿತು. “ದುಡ್ಡು ಕೊಟ್ಟು ತಂದ ಡಿಸ್ಕ್ ಅಣ್ಣಾ, ಇನ್ನು ಯಾರನ್ನು ಕೇಳಬೇಕು?” ಎಂದರು.

ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಆಡಿದವರಿಗೆ ಈ ಪ್ರಶ್ನೆ ಹೊಸದಲ್ಲ. 2014ರಲ್ಲಿ ಬಂದ ಆ ಕಾರಿನ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದರು. ಡೌನ್‌ಲೋಡ್ ಮಾಡಿಕೊಂಡವರ ಜೊತೆ ಡಿಸ್ಕ್ ಇಟ್ಟುಕೊಂಡವರೂ ಬರಿಗೈಯಾದರು. ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್‌ಗೆ ಡಿಸ್ಕ್ ಬದಲು ಬರುವ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್‌ಗೆ ಬೇಕಾದ ಕೀಲಿ ಮಾತ್ರ. ಬೀಗವಿಲ್ಲದ ಮನೆಯಲ್ಲಿ ಕೀಲಿಕೈ ತೂಗುಹಾಕಿದ ಹಾಗೆ.

ನೆಟ್‌ನಲ್ಲೇ ಆಟ ಮಾರುವ ಡಿಜಿಟಲ್ ಅಂಗಡಿಗಳ ಕಥೆಯೂ ಗೊತ್ತಿದ್ದದ್ದೇ. ನಿಂಟೆಂಡೊದ ಹಳೆಯ ವೀ ಯೂ, 3ಡಿಎಸ್ ಕನ್ಸೋಲ್‌ಗಳ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ನದ್ದು 2024ರ ಜುಲೈನಲ್ಲಿ. ಹಿಂದೆ ಕೊಂಡಿದ್ದನ್ನು ಮತ್ತೆ ಇಳಿಸಿಕೊಳ್ಳಲು ಬಿಟ್ಟರು, ಅಷ್ಟೇ. ಅಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದರೆ ನಿಮಗೆ ಸಿಗುವುದು ಆಡುವ ಅನುಮತಿ. ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ಹಾಗಾಗಿ ನಾನು ಡಿಸ್ಕೋ ಡೌನ್‌ಲೋಡೋ ಎಂದು ಕೇಳುವುದಿಲ್ಲ, ನೆಟ್ ಕಿತ್ತರೆ ನಡೆಯುತ್ತದೆಯೇ ಎಂದು ನೋಡುತ್ತೇನೆ. ಕನ್ಸೋಲ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಆಟವನ್ನು ಅಳಿಸಿ, ವೈಫೈ ಆರಿಸಿ, ಡಿಸ್ಕ್ ಹಾಕಿ. ಅಳಿಸುವ ಮುನ್ನ ಸೇವ್ ಕಡತಗಳನ್ನು (ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ) ಬೇರೆಡೆ ನಕಲು ಮಾಡಿಕೊಳ್ಳಿ. ಅಳಿಸದೆ ನೋಡಿದರೆ ಹಿಂದೆ ಇಳಿದ ಅಪ್‌ಡೇಟ್ ಡಿಸ್ಕಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಕಂಪ್ಯೂಟರ್ ಆಟಗಳಿಗಾದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿ ನೆಟ್ ಇಲ್ಲದೆಯೂ ನಡೆಯುವ ಇನ್‌ಸ್ಟಾಲರ್ ಕಡತಗಳನ್ನೇ ಕೊಡುತ್ತದೆ. ಅವನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟವನ ಸ್ಥಿತಿ ಎಷ್ಟೋ ಡಿಸ್ಕ್‌ದಾರರಿಗಿಂತ ಗಟ್ಟಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಬೇಡ. ಕರೆಂಟ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಅದರ ನೆನಪು ಸವೆಯುತ್ತದೆ.

ಇನ್ನು ಗೀರಿನ ವಿಷಯ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿಕೊಂಡು ಬರುವವರು ಈಗಲೂ ಇದ್ದಾರೆ. ಡಿವಿಡಿಯಲ್ಲಿ ಮಾಹಿತಿಯ ಪದರ ಕೆಳಮೈಯಿಂದ 0.6 ಮಿಲಿಮೀಟರ್ ಒಳಗಿದೆ, ಹುಷಾರಾಗಿ ಉಜ್ಜಿದರೆ ತಡೆದೀತು. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಅದು ಬರೀ 0.1 ಮಿಲಿಮೀಟರ್ ಒಳಗೆ. ಉಜ್ಜಿದರೆ ಮೇಲಿನ ಗಟ್ಟಿ ಲೇಪ ಹೋಗಿ ಡಿಸ್ಕೇ ಕೈಬಿಡುತ್ತದೆ. ಸಿಡಿಯದು ತಿರುವುಮುರುವು: ಮಾಹಿತಿ ಲೇಬಲ್‌ನ ಕೆಳಗೇ ಇರುವುದರಿಂದ ಹೆಸರು ಬರೆದ ಮೈಯನ್ನು ಕೆರೆದರೆ ಮುಗಿಯಿತು.

ಸಂಡೂರಿನವರ ಚೀಲದಲ್ಲಿ ಒಟ್ಟು ಹನ್ನೊಂದು ಡಿಸ್ಕ್‌ಗಳಿದ್ದವು. ಅಂಗಡಿಯ ವೈಫೈ ಆರಿಸಿ ಒಂದೊಂದಾಗಿ ಹಾಕಿ ನೋಡಿದೆವು, ಸಂಜೆಯಾಯಿತು. ಏಳು ಓಡಿದವು. ಉಳಿದ ನಾಲ್ಕರ ಡಬ್ಬಿಗಳ ಮೇಲೆ ಹುಡುಗ ಸ್ಕೆಚ್ ಪೆನ್ನಿನಿಂದ ‘ನೆಟ್ ಬೇಕು’ ಎಂದು ಬರೆದುಕೊಂಡ.